ಒಂದೇ ಸಂಖ್ಯೆ, ಎರಡು ವೆಬ್‌ಸೈಟ್, ಎರಡು ಉತ್ತರ: ಯಾವುದನ್ನು ನಂಬೋದು?

ಓದುಗರ ಪ್ರಶ್ನೆ: "ಸರ್, ನನ್ನ ಮಗಳು ಶಾಲೆಯ ಗಣಿತ ಪ್ರದರ್ಶನಕ್ಕೆ 12345678987654321 ಎಂಬ ಸಂಖ್ಯೆ ಆರಿಸಿಕೊಂಡಿದ್ದಾಳೆ. ಅದರ ಗುಣಗಳನ್ನೆಲ್ಲ ಒಂದು ಚಾರ್ಟ್‌ನಲ್ಲಿ ಬರೆಯಬೇಕಂತೆ. ಸ್ಪ್ರೆಡ್‌ಶೀಟ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಅದು 12345678987654300 ಆಗಿಬಿಡುತ್ತದೆ. ಒಂದು ವೆಬ್‌ಸೈಟ್ ಇದನ್ನು ಸಮ, ಅಬಂಡೆಂಟ್, ಇವಿಲ್, ಹರ್ಷದ, ಅನ್‌ಹ್ಯಾಪಿ ಅನ್ನುತ್ತದೆ. ಇನ್ನೊಂದು ಬೆಸ, ಪೂರ್ಣವರ್ಗ, ಡೆಫಿಶಿಯೆಂಟ್, ಓಡಿಯಸ್, ಹರ್ಷದ, ಅನ್‌ಹ್ಯಾಪಿ ಅನ್ನುತ್ತದೆ. ಕೊನೆಯಲ್ಲಿ 1 ಇರುವ ಸಂಖ್ಯೆ ಸಮ ಹೇಗಾಗುತ್ತದೆ? ಮನೆಯಲ್ಲಿ ಒಬ್ಬರು 'ಇವಿಲ್, ಅನ್‌ಹ್ಯಾಪಿ ಅಂತೆಲ್ಲ ಇದೆ, ಬೇರೆ ಸಂಖ್ಯೆ ತಗೋ' ಅಂದರು. ಇನ್ನೊಬ್ಬರು 'ಅಂಕಿ ಕೂಡಿದರೆ 81, ಮತ್ತೆ ಕೂಡಿದರೆ 9, ಬಹಳ ಒಳ್ಳೆಯ ಸಂಖ್ಯೆ' ಅಂದರು. 111111111 ಅನ್ನು ತನ್ನಿಂದಲೇ ಗುಣಿಸಿದರೆ ಇದು ಬರುತ್ತದೆ ಅಂತ ಗೊತ್ತು. ಆ 111111111 ಅವಿಭಾಜ್ಯ ಅಂದುಕೊಂಡಿದ್ದೆ, ಅದೂ ತಪ್ಪಾ? ಇದಕ್ಕಿಂತ ದೊಡ್ಡ ಸಂಖ್ಯೆಯ ಗುಣಗಳನ್ನು ನಾವೇ ನಂಬಿಕೆಯಿಂದ ಕಂಡುಹಿಡಿಯುವುದು ಹೇಗೆ?"

ಉತ್ತರ: ಮೊದಲು ಒಂದು ಮಾತು, ಸಂಖ್ಯೆಯನ್ನು ಬದಲಾಯಿಸಬೇಡಿ. ನಿಮ್ಮ ಮಗಳು ಬಹಳ ಚೆನ್ನಾಗಿರುವುದನ್ನೇ ಆರಿಸಿದ್ದಾಳೆ. ಎರಡನೇ ವೆಬ್‌ಸೈಟ್ ಹೇಳಿದ್ದು ಪೂರ್ತಿ ಸರಿ (ಆ ಹೆಸರುಗಳ ಅರ್ಥ ಮುಂದೆ ಒಂದೊಂದಾಗಿ ಹೇಳುತ್ತೇನೆ). ಮೊದಲನೆಯದರ ಗಣಿತವೂ ಸರಿಯಾಗಿಯೇ ಇದೆ, ಆದರೆ ಅದು ಲೆಕ್ಕ ಹಾಕಿದ್ದು ನಿಮ್ಮ ಸಂಖ್ಯೆಗಲ್ಲ, ಪಕ್ಕದ 12345678987654320ಕ್ಕೆ. ಸಂಖ್ಯಾಸಿದ್ಧಾಂತ ಕಲಿಸುವುದು, ದೊಡ್ಡ ಸಂಖ್ಯೆಗಳ ಲೆಕ್ಕಕ್ಕೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ನನ್ನ ಹತ್ತಿರ ಬರುವ 'ಈ ಸಂಖ್ಯೆಯ ಗುಣ ತಾಳೆಯಾಗ್ತಿಲ್ಲ' ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಬಂದು ನಿಲ್ಲುತ್ತವೆ. ಯಂತ್ರ ನಾವು ಕೊಟ್ಟ ಸಂಖ್ಯೆಯನ್ನು ಸದ್ದಿಲ್ಲದೆ ಬೇರೆ ಮಾಡಿಕೊಂಡಿರುತ್ತದೆ.

ಹೇಗೆ ಅಂತ ನೋಡಿ. ಬಹಳಷ್ಟು ಪ್ರೋಗ್ರಾಂಗಳು ಎಲ್ಲ ಸಂಖ್ಯೆಗಳನ್ನೂ, ಪೂರ್ಣಾಂಕವನ್ನೂ ಸಹ, ದಶಮಾಂಶ ಲೆಕ್ಕಕ್ಕಾಗಿ ಮಾಡಿದ 64 ಬಿಟ್‌ಗಳ, ಅಂದರೆ 0 ಅಥವಾ 1 ಹಿಡಿಯುವ 64 ಮನೆಗಳ, ಒಂದು ಮಾದರಿಯಲ್ಲಿ ಇಡುತ್ತವೆ. ಅದರಲ್ಲಿ ಸಂಖ್ಯೆಯ ಅಂಕಿಗಳಿಗೆ ಸಿಗುವುದು 53 ಬಿಟ್ ಮಾತ್ರ. 2ರ 53ನೇ ಘಾತ ಅಂದರೆ 9007199254740992. ಅಲ್ಲಿಯವರೆಗೆ ಪ್ರತಿ ಪೂರ್ಣಾಂಕಕ್ಕೂ ಅದರದೇ ಜಾಗ ಇದೆ. ಅದನ್ನು ದಾಟಿ 2ರ 54ನೇ ಘಾತದವರೆಗೆ, ಅಂದರೆ 18014398509481984ರವರೆಗೆ, ಸಮ ಸಂಖ್ಯೆಗಳಿಗೆ ಮಾತ್ರ ಜಾಗ. ನಿಮ್ಮ ಸಂಖ್ಯೆ ಸರಿಯಾಗಿ ಈ ಎರಡರ ನಡುವೆ ಇದೆ, ಮೇಲಾಗಿ ಬೆಸ. ಹಾಗಾಗಿ ಅದಕ್ಕೆ ಅಲ್ಲಿ ಜಾಗವೇ ಇಲ್ಲ. ಕೊನೆಯಲ್ಲಿ 320 ಇರುವುದು, 322 ಇರುವುದು, ಎರಡೂ ಒಂದೇ ದೂರದಲ್ಲಿವೆ. ಇಂಥ ಸಮಬಲದಲ್ಲಿ ಉಳಿಸಿಕೊಳ್ಳುವ 53 ಬಿಟ್‌ಗಳಲ್ಲಿ ಕೊನೆಯದು ಸೊನ್ನೆ ಇರುವುದನ್ನು ಆರಿಸು ಅನ್ನೋದು ಆ ಮಾದರಿಯ ನಿಯಮ, ಆದ್ದರಿಂದ 320 ಗೆದ್ದಿತು. ನಿಮ್ಮ ಮಗಳು 1 ಅಂತ ಟೈಪ್ ಮಾಡಿದ ಕ್ಷಣವೇ ಅದು 0 ಆಗಿತ್ತು. ಆಮೇಲೆ ನಡೆದ ಲೆಕ್ಕವೆಲ್ಲ ಆ ಸೊನ್ನೆಯ ಮೇಲೆ.

ಸ್ಪ್ರೆಡ್‌ಶೀಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅದು 15 ಅಂಕಿ ಉಳಿಸಿಕೊಂಡು ಮಿಕ್ಕಿದ್ದಕ್ಕೆ ಸೊನ್ನೆ ತುಂಬುತ್ತದೆ. ನಿಮ್ಮದು 17 ಅಂಕಿಯ ಸಂಖ್ಯೆ, ಅದಕ್ಕೇ 21 ಹೋಗಿ 00 ಬಂತು. ಅದನ್ನು ಪಠ್ಯವಾಗಿ, ಅಂದರೆ ಮುಂದೆ ಒಂದು ಒಂಟಿ ಉದ್ಧರಣ ಚಿಹ್ನೆ ಹಾಕಿ, ಬರೆದರೆ ಅಂಕಿಗಳೇನೋ ಉಳಿಯುತ್ತವೆ. ಆದರೆ ಆ ಕೋಶವನ್ನು ಯಾವುದೋ ಸೂತ್ರಕ್ಕೆ ಕೊಟ್ಟ ತಕ್ಷಣ ಮತ್ತೆ ಅದೇ ಕಥೆ. ನೋಡೋದಕ್ಕೆ ಆಗುತ್ತದೆ, ಲೆಕ್ಕಕ್ಕೆ ಆಗಲ್ಲ.

ಒಂದೇ ಒಂದು ಅಂಕಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಮ್ಮ ಎರಡು ಪಟ್ಟಿಗಳೇ ಸಾಕ್ಷಿ. ಬೆಸ ಇದ್ದದ್ದು ಸಮವಾಯಿತು, ಪೂರ್ಣವರ್ಗ ಅನ್ನುವುದು ಮಾಯವಾಯಿತು, ಡೆಫಿಶಿಯೆಂಟ್ ಹೋಗಿ ಅಬಂಡೆಂಟ್ ಬಂತು, ಓಡಿಯಸ್ ಹೋಗಿ ಇವಿಲ್ ಬಂತು. ಪಕ್ಕಪಕ್ಕದ ಸಂಖ್ಯೆಗಳು ಗಾತ್ರದಲ್ಲಿ ಹತ್ತಿರ, ಗುಣದಲ್ಲಿ ಹತ್ತಿರ ಅಲ್ಲ. ಉದ್ದ ಅಳೆಯುವಾಗ ಕೊನೆಯ ಅಂಕಿ ಬಿಟ್ಟರೆ ನಡೆಯುತ್ತದೆ, ಭಾಜಕ ಹುಡುಕುವಾಗ ಕೊನೆಯ ಅಂಕಿಯೇ ಮುಖ್ಯ. ಇನ್ನೊಂದು ಗಮನಿಸಿದಿರಾ? ಹರ್ಷದ, ಅನ್‌ಹ್ಯಾಪಿ ಎರಡೂ ಪಟ್ಟಿಯಲ್ಲಿ ಇವೆ. ಇದು ಬರೀ ಕಾಕತಾಳೀಯ. ತನ್ನ ಅಂಕಿಗಳ ಮೊತ್ತದಿಂದಲೇ ಭಾಗವಾಗುವ ಸಂಖ್ಯೆ ಹರ್ಷದ. 320ರಲ್ಲಿ ಕೊನೆಗೊಳ್ಳುವ ಸಂಖ್ಯೆಯ ಅಂಕಿಗಳ ಮೊತ್ತ 80, ಅದು 16 ಮತ್ತು 5 ಎರಡರಿಂದಲೂ ಭಾಗವಾಗುವುದರಿಂದ 80ರಿಂದಲೂ ಭಾಗವಾಗುತ್ತದೆ. ಹೀಗೆ ಒಂದೆರಡು ಗುಣ ತಾಳೆಯಾದವು ಅಂತ ಪಟ್ಟಿಯನ್ನು ನಂಬಿದರೆ ಮೋಸ ಹೋಗುತ್ತೀರಿ.

ಈಗ ನಿಜವಾದ ಸಂಖ್ಯೆಗೆ ಬರೋಣ. ಯಾವುದೇ ದೊಡ್ಡ ಸಂಖ್ಯೆಯ ಬಗ್ಗೆ ತಿಳಿಯಬೇಕಾದ್ದರಲ್ಲಿ ಮುಕ್ಕಾಲು ಪಾಲು ಅದರ ಅವಿಭಾಜ್ಯ ಅಪವರ್ತನಗಳಲ್ಲೇ ಇರುತ್ತದೆ. ಅವು ಸಿಕ್ಕರೆ ಭಾಜಕಗಳು ಎಷ್ಟು, ಅವುಗಳ ಮೊತ್ತ ಎಷ್ಟು, ವರ್ಗವೋ ಘನವೋ, ಎಲ್ಲ ಸರಸರ ಬರುತ್ತದೆ. ಇಲ್ಲಿ ಅದನ್ನು ಕೈಯಲ್ಲೇ ಮಾಡಬಹುದು, ಮತ್ತು ದಯವಿಟ್ಟು ಮಗಳಿಂದ ಕೈಯಲ್ಲೇ ಮಾಡಿಸಿ, ಈ ಸಂಖ್ಯೆಯ ನಿಜವಾದ ಸೊಗಸು ಇರುವುದು ಇಲ್ಲಿ.

111111111ರಲ್ಲಿ ಒಂಬತ್ತು 1 ಇವೆ. ಒಂಬತ್ತನ್ನು ಮೂರು ಮೂರರ ಗುಂಪು ಮಾಡಿ: 111, 111, 111. ಹಾಗಾಗಿ ಅದು 111 × 1001001. ಅವಿಭಾಜ್ಯ ಅಂತ ನೀವು ಅಂದುಕೊಂಡದ್ದು ಅಲ್ಲಿಗೇ ಒಡೆಯಿತು. ಬರೀ 1ಗಳ ಸಂಖ್ಯೆಯಲ್ಲಿ ಅಂಕಿಗಳ ಎಣಿಕೆ ಭಾಗವಾಗುವಂತಿದ್ದರೆ ಆ ಸಂಖ್ಯೆಯೂ ಹೀಗೆ ಭಾಗವಾಗಲೇಬೇಕು. ಮುಂದೆ, 111 = 3 × 37. 1001001ರ ಅಂಕಿಗಳ ಮೊತ್ತ 3, ಆದ್ದರಿಂದ ಅದೂ 3ರಿಂದ ಭಾಗವಾಗುತ್ತದೆ: 3 × 333667. ಒಟ್ಟು 111111111 = 3 × 3 × 37 × 333667.

333667 ಇನ್ನೂ ಒಡೆಯುತ್ತದಾ? ಮಾಮೂಲಿ ದಾರಿ ಅಂದರೆ ಅದರ ವರ್ಗಮೂಲದವರೆಗಿನ, ಅಂದರೆ 577ರವರೆಗಿನ, ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡುವುದು. ಅಂಥವು 106 ಇವೆ. ಆದರೆ ಒಂದು ಒಳದಾರಿ ಇದೆ. 333667 × 2997 = 999999999. ಅಂದರೆ 333667ನ್ನು ಭಾಗಿಸುವ ಯಾವುದೇ ಅವಿಭಾಜ್ಯ 999999999ನ್ನೂ ಭಾಗಿಸುತ್ತದೆ, 10ರ 9ನೇ ಘಾತವನ್ನು ಅದರಿಂದ ಭಾಗಿಸಿದರೆ ಶೇಷ 1 ಬರುತ್ತದೆ. ಹೀಗೆ ಶೇಷ 1 ಮೊದಲ ಸಲ ಬರುವುದು 10ರ 1, 3 ಅಥವಾ 9ನೇ ಘಾತದಲ್ಲಿ ಮಾತ್ರ ಸಾಧ್ಯ. 1 ಅಥವಾ 3 ಆದರೆ ಆ ಅವಿಭಾಜ್ಯ 999ನ್ನು ಭಾಗಿಸಬೇಕು, ಅಂದರೆ ಅದು 3 ಅಥವಾ 37. 333667ರ ಅಂಕಿಗಳ ಮೊತ್ತ 28, ಹಾಗಾಗಿ 3 ಆಗಲ್ಲ. 37ರಿಂದ ಭಾಗಿಸಿದರೆ ಶೇಷ 1 ಉಳಿಯುತ್ತದೆ, ಅದೂ ಆಗಲ್ಲ. ಉಳಿದದ್ದು 9. ಹಾಗಾದಾಗ ಫರ್ಮಾ ಅವರ ಚಿಕ್ಕ ಪ್ರಮೇಯದ ಪ್ರಕಾರ (10ರ ಘಾತ ಆ ಅವಿಭಾಜ್ಯಕ್ಕಿಂತ 1 ಕಡಿಮೆ ಇದ್ದಾಗ ಶೇಷ 1 ಬರಲೇಬೇಕು ಅನ್ನುತ್ತದೆ ಅದು) ಆ ಅವಿಭಾಜ್ಯದಿಂದ 1 ಕಳೆದರೆ ಬರುವುದು 9ರಿಂದ ಭಾಗವಾಗಬೇಕು. ಅವಿಭಾಜ್ಯ ಬೆಸ ಆಗಿರುವುದರಿಂದ 18ರಿಂದಲೇ ಭಾಗವಾಗಬೇಕು. 577ರವರೆಗೆ ಅಂಥವು 19, 37, 73, 109, 127 ಹೀಗೆ ಹೋಗಿ 577ಕ್ಕೆ ಮುಗಿಯುತ್ತವೆ, ಒಟ್ಟು 17 ಮಾತ್ರ. 106ರ ಬದಲು 17 ಭಾಗಾಕಾರ! ಒಂದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ. 333667 ಅವಿಭಾಜ್ಯ. ಒಂದು ಮಧ್ಯಾಹ್ನದಲ್ಲಿ ಒಬ್ಬ ವಿದ್ಯಾರ್ಥಿ ಕಾಗದದ ಮೇಲೆ ಮಾಡಿ ಮುಗಿಸಬಹುದಾದ ಪೂರ್ಣ ಸಾಧನೆ ಇದು, ಯಾವ ವೆಬ್‌ಸೈಟನ್ನೂ ನಂಬಬೇಕಿಲ್ಲ.

ಹಾಗಾಗಿ ನಿಮ್ಮ ಸಂಖ್ಯೆ ಅಂದರೆ 3ರ 4ನೇ ಘಾತ × 37ರ ವರ್ಗ × 333667ರ ವರ್ಗ. ಇದೇ ಅದರ ಗುರುತು. ಚಾರ್ಟ್‌ನ ನಡುವೆ ದೊಡ್ಡದಾಗಿ ಬರೆಯಬೇಕಾದ್ದು ಇದು.

ಇಲ್ಲಿಂದ ಭಾಜಕಗಳ ಎಣಿಕೆ ಸುಲಭ. 3ನ್ನು ಸೊನ್ನೆಯಿಂದ ನಾಲ್ಕು ಸಲ ತೆಗೆದುಕೊಳ್ಳಬಹುದು, ಐದು ಆಯ್ಕೆ. 37ಕ್ಕೆ ಮೂರು, 333667ಕ್ಕೆ ಮೂರು. 5 × 3 × 3 = 45 ಭಾಜಕಗಳು. ಎಣಿಕೆ ಬೆಸ ಬಂದದ್ದು ಆಕಸ್ಮಿಕ ಅಲ್ಲ. ಭಾಜಕಗಳು ಯಾವಾಗಲೂ ಜೋಡಿಯಾಗಿ ಬರುತ್ತವೆ, ಒಂದನ್ನು ಇನ್ನೊಂದರಿಂದ ಗುಣಿಸಿದರೆ ಮೂಲ ಸಂಖ್ಯೆ. ಪೂರ್ಣವರ್ಗದಲ್ಲಿ ಮಾತ್ರ ಒಂದು ಭಾಜಕಕ್ಕೆ ತಾನೇ ಜೋಡಿ, ಇಲ್ಲಿ 111111111.

ಅಬಂಡೆಂಟ್, ಡೆಫಿಶಿಯೆಂಟ್ ಅನ್ನೋ ಮಾತು ಬರುವುದು ಭಾಜಕಗಳ ಮೊತ್ತದಿಂದ. ಸಂಖ್ಯೆಯನ್ನು ಬಿಟ್ಟು ಅದರ ಉಳಿದ ಭಾಜಕಗಳನ್ನೆಲ್ಲ ಕೂಡಿ. ಮೊತ್ತ ಸಂಖ್ಯೆಗಿಂತ ಜಾಸ್ತಿ ಆದರೆ ಅಬಂಡೆಂಟ್, ಕಡಿಮೆ ಆದರೆ ಡೆಫಿಶಿಯೆಂಟ್, ಸರಿಸಮ ಆದರೆ ಪರಿಪೂರ್ಣ. 6ಕ್ಕೆ 1 + 2 + 3 = 6, ಪರಿಪೂರ್ಣ. ನಿಮ್ಮ ಸಂಖ್ಯೆಗೆ ಉಳಿದ 44 ಭಾಜಕಗಳ ಮೊತ್ತ 6608600605173258. ಸಂಖ್ಯೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ, ಡೆಫಿಶಿಯೆಂಟ್. ಕಾರಣ ಸರಳ. 2 ಇಲ್ಲ, 5 ಇಲ್ಲ, 7 ಇಲ್ಲ. ಅತಿ ದೊಡ್ಡ ಭಾಜಕ ಮೂರನೇ ಒಂದು ಭಾಗ, ಅದರ ನಂತರ ಒಂಬತ್ತನೇ ಒಂದು ಭಾಗ, ಹೀಗೆ ಬೇಗ ಬೇಗ ಚಿಕ್ಕದಾಗುತ್ತ ಹೋಗುತ್ತವೆ. ಕೂಡಿಕೊಂಡು ಮೇಲೇರಲು ಸಾಮಗ್ರಿಯೇ ಇಲ್ಲ. ಅದೇ 320ರಲ್ಲಿ ಕೊನೆಯಾಗುವ ಸಂಖ್ಯೆ 20ರಿಂದ ಭಾಗವಾಗುತ್ತದೆ. 20ರ ಭಾಜಕಗಳು 1, 2, 4, 5, 10, ಮೊತ್ತ 22. 20 ತಾನೇ ಅಬಂಡೆಂಟ್, ಹಾಗಾಗಿ 20ರ ಪ್ರತಿ ಗುಣಕವೂ ಅಬಂಡೆಂಟ್. ಸ್ಪ್ರೆಡ್‌ಶೀಟ್ ಮಾಡಿಟ್ಟ 300ರದ್ದೂ ಹಾಗೇ.

ಇದನ್ನು ಕೇಳಿ ಹಲವರು 'ಹಾಗಾದರೆ ಬೆಸ ಸಂಖ್ಯೆಗಳೆಲ್ಲ ಡೆಫಿಶಿಯೆಂಟ್' ಅಂತ ತೀರ್ಮಾನಿಸುತ್ತಾರೆ. ಅಲ್ಲ. 945 ಬೆಸ, ಅದರ ಉಳಿದ ಭಾಜಕಗಳ ಮೊತ್ತ 975. ಬೆಸ ಅಬಂಡೆಂಟ್‌ಗಳಲ್ಲಿ ಅದೇ ಮೊದಲನೆಯದು. ಆದರೆ ಬೆಸ ಪರಿಪೂರ್ಣ ಸಂಖ್ಯೆ ಇದೆಯಾ ಅನ್ನುವುದು ಇವತ್ತಿಗೂ ಬಗೆಹರಿಯದ ಪ್ರಶ್ನೆ. 10ರ 1500ನೇ ಘಾತದವರೆಗೆ ಅಂಥದ್ದು ಇಲ್ಲ ಅಂತ 2012ರಲ್ಲಿ ಓಶೆಮ್ ಮತ್ತು ರಾವ್ ತೋರಿಸಿದ್ದಾರೆ. ನಿಮ್ಮ ಸಂಖ್ಯೆಗೆ ಅಷ್ಟು ದೊಡ್ಡ ಫಲಿತಾಂಶ ಬೇಕಾಗಿಲ್ಲ. ಅದರ ಭಾಜಕಗಳು 45, ಎಲ್ಲವೂ ಬೆಸ. 45 ಬೆಸ ಸಂಖ್ಯೆ ಕೂಡಿದರೆ ಬರುವುದು ಬೆಸ. ಪರಿಪೂರ್ಣ ಆಗಬೇಕಾದರೆ ಆ ಮೊತ್ತ ಸಂಖ್ಯೆಯ ಎರಡರಷ್ಟು, ಅಂದರೆ ಸಮ, ಆಗಬೇಕಿತ್ತು. ಆಗಲು ಸಾಧ್ಯವೇ ಇಲ್ಲ. ಯಾವ ಬೆಸ ಪೂರ್ಣವರ್ಗವೂ ಪರಿಪೂರ್ಣ ಆಗಲಾರದು ಅನ್ನುವುದು ಎರಡೇ ಸಾಲಿನಲ್ಲಿ ಸಿದ್ಧವಾಯಿತು, ನನಗೆ ಇದು ಎಷ್ಟು ಸಲ ಹೇಳಿದರೂ ಬೇಸರವಾಗದ ವಾದ.

ಈಗ ಒಳ್ಳೆಯದು ಕೆಟ್ಟದ್ದರ ವಿಷಯ. ಸಂಖ್ಯೆಗಳಿಗೆ ಗುಣಾವಗುಣ ಅಂಟಿಸುವ ಅಭ್ಯಾಸ ಬಹಳ ಹಳೆಯದು. ಸುಮಾರು ಕ್ರಿ.ಶ. 100ರ ಹೊತ್ತಿಗೆ ನಿಕೋಮಾಕಸ್ ಎಂಬಾತ ಈ ಮೂರು ವಿಭಾಗಗಳನ್ನು ವಿವರಿಸುವಾಗ ಅಬಂಡೆಂಟ್ ಅಂದರೆ ಅತಿರೇಕ, ಡೆಫಿಶಿಯೆಂಟ್ ಅಂದರೆ ಕೊರತೆ, ಪರಿಪೂರ್ಣ ಅಂದರೆ ಸದ್ಗುಣ ಅನ್ನುವ ಧಾಟಿಯಲ್ಲಿ ಬರೆದ. ಆಗ ಗೊತ್ತಿದ್ದ ಪರಿಪೂರ್ಣ ಸಂಖ್ಯೆಗಳು 6, 28, 496, 8128. ಒಂದಂಕಿ, ಎರಡಂಕಿ, ಮೂರಂಕಿ, ನಾಲ್ಕಂಕಿ, ಒಂದೊಂದಕ್ಕೆ ಒಂದೊಂದು. ಕೊನೆಯಲ್ಲಿ 6, 8, 6, 8. ಇಷ್ಟು ಅಚ್ಚುಕಟ್ಟು ಕಂಡಮೇಲೆ ಮುಂದೆಯೂ ಹೀಗೇ ಅಂತ ನಂಬಿದರು. ಐದನೆಯದು 33550336, ಎಂಟು ಅಂಕಿ. ಆರನೆಯದು 8589869056, ಅದೂ 6ರಲ್ಲೇ ಮುಗಿಯುತ್ತದೆ. ಎರಡು ನಂಬಿಕೆಯೂ ಬಿದ್ದುಹೋದವು. ಡೆಫಿಶಿಯೆಂಟ್ ಅನ್ನುವುದು ಒಂದು ಮೊತ್ತದ ಬಗ್ಗೆ ಹೇಳುವ ಮಾತು, ಪ್ರತಿ ಅವಿಭಾಜ್ಯ ಸಂಖ್ಯೆಯೂ ಡೆಫಿಶಿಯೆಂಟೇ.

ಇವಿಲ್, ಓಡಿಯಸ್ ಅಂತೂ ಗಣಿತಜ್ಞರು ಇಂಗ್ಲಿಷ್‌ನ ಸಮ, ಬೆಸ ಪದಗಳ ಉಚ್ಚಾರಣೆಗೆ ಹೊಂದಿಸಿ ತಮಾಷೆಗೆ ಇಟ್ಟ ಹೆಸರು. ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸುವ ಎರಡರ ಪದ್ಧತಿಯಲ್ಲಿ, ಬರೆದಾಗ 1ಗಳ ಎಣಿಕೆ ಸಮ ಬಂದರೆ ಇವಿಲ್, ಬೆಸ ಬಂದರೆ ಓಡಿಯಸ್. ನಿಮ್ಮ ಸಂಖ್ಯೆ ಬೈನರಿಯಲ್ಲಿ 54 ಬಿಟ್, ಅದರಲ್ಲಿ 27 ಕಡೆ 1, 27 ಕಡೆ 0. ಸರಿಯಾಗಿ ಅರ್ಧರ್ಧ! 27 ಬೆಸ, ಹಾಗಾಗಿ ಓಡಿಯಸ್. 320ರದ್ದರಲ್ಲಿ ಕೊನೆಯ 1 ಹೋಗಿ 26 ಉಳಿಯಿತು, ಇವಿಲ್ ಆಯಿತು. ಇಡೀ ಪೂರ್ಣಾಂಕಗಳಲ್ಲಿ ಅರ್ಧ ಇವಿಲ್, ಅರ್ಧ ಓಡಿಯಸ್. ಹೆದರಬೇಕಾದ್ದು ಏನೂ ಇಲ್ಲ, ಹೆಸರು ಕೇಳಿದವರಿಗೆ ಇಷ್ಟು ವಿವರಿಸಿದರೆ ಸಾಕು.

ಹ್ಯಾಪಿ, ಅನ್‌ಹ್ಯಾಪಿ ಅನ್ನುವುದು ಒಂದು ಆಟ. ಅಂಕಿಗಳನ್ನು ಒಂದೊಂದಾಗಿ ವರ್ಗ ಮಾಡಿ ಕೂಡುತ್ತ ಹೋಗಿ, 1 ಸಿಕ್ಕರೆ ಹ್ಯಾಪಿ. ನಿಮ್ಮದಕ್ಕೆ ಮೊದಲು 489 ಬರುತ್ತದೆ. ಅಲ್ಲಿಂದ 161, 38, 73, 58, 89, 145, 42, 20, 4, 16, 37, ಮತ್ತೆ 58. ಸುತ್ತಿನಲ್ಲಿ ಸಿಕ್ಕಿಬಿತ್ತು, 1 ಎಂದೂ ಬರಲ್ಲ. ಮಗಳು ಈ ಸರಪಳಿಯನ್ನು ಒಂದು ಉಂಗುರದ ಚಿತ್ರವಾಗಿ ಬರೆದರೆ ನೋಡುವವರಿಗೆ ಖುಷಿಯಾಗುತ್ತದೆ.

ಅಂಕಿಗಳ ಮೊತ್ತ 81, ಆಮೇಲೆ 9. ಇದು ಹೇಳುವುದು ಒಂದೇ ವಿಷಯ. 10ನ್ನು 9ರಿಂದ ಭಾಗಿಸಿದರೆ ಶೇಷ 1, 100ಕ್ಕೂ 1, 1000ಕ್ಕೂ 1. ಹಾಗಾಗಿ ಸಂಖ್ಯೆಯನ್ನು 9ರಿಂದ ಭಾಗಿಸಿದ ಶೇಷವೂ ಅಂಕಿಗಳ ಮೊತ್ತವನ್ನು 9ರಿಂದ ಭಾಗಿಸಿದ ಶೇಷವೂ ಒಂದೇ. ಕೊನೆಗೆ 9 ಬಂತು ಅಂದರೆ 9ರಿಂದ ಭಾಗವಾಗುತ್ತದೆ ಅಂತ ಅರ್ಥ, ಪ್ರತಿ ಒಂಬತ್ತು ಸಂಖ್ಯೆಗಳಲ್ಲಿ ಒಂದಕ್ಕೆ ಇದು ಬರುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ. ಮೊತ್ತ 81 ಬಂತು, ಸಂಖ್ಯೆ 81ರಿಂದ ಭಾಗವಾಗುತ್ತದೆ, ಅದಕ್ಕೇ ಹರ್ಷದ. ಇದನ್ನು ನೋಡಿ 'ಮೊತ್ತ 81 ಆದರೆ 81ರಿಂದ ಭಾಗವಾಗುತ್ತದೆ' ಅಂತ ನಿಯಮ ಮಾಡಿಕೊಳ್ಳಬೇಡಿ. 9 ದಾಟಿದ ಮೇಲೆ ಈ ಜಾಡು ಹಿಡಿಯಲ್ಲ. 1899ರ ಅಂಕಿಗಳ ಮೊತ್ತ 27, ಆದರೆ 27ರಿಂದ ಭಾಗಿಸಿದರೆ 9 ಉಳಿಯುತ್ತದೆ. ನಿಮ್ಮ ಸಂಖ್ಯೆ 81ರಿಂದ ಭಾಗವಾಗುವುದು 111111111 ಎಂಬುದು 9ರಿಂದ ಭಾಗವಾಗುವುದರಿಂದ. ಹರ್ಷದ ಸಂಖ್ಯೆಗಳನ್ನು ಗುರುತಿಸಿ ಹೆಸರಿಟ್ಟವರು ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್. ಅವರ ಹೆಸರಿನದೇ ಇನ್ನೊಂದು ಗುಂಪು ಇದೆ, ಅದೂ ಇಲ್ಲಿ ಪಕ್ಕದಲ್ಲೇ ಸಿಗುತ್ತದೆ. ನಿಮ್ಮ ಸಂಖ್ಯೆಯನ್ನು ಅದರ ಅಂಕಿಗಳ ಮೊತ್ತ 81ರಿಂದ ಗುಣಿಸಿ. 999999999ರ ವರ್ಗ ಬರುತ್ತದೆ, ಅಂದರೆ 999999998000000001. ಅದನ್ನು ಎರಡು ಭಾಗ ಮಾಡಿ ಕೂಡಿ: 999999998 + 000000001 = 999999999. ಹೀಗೆ ವರ್ಗದ ಎರಡು ಭಾಗ ಕೂಡಿದರೆ ತಾನೇ ತಿರುಗಿ ಬರುವ ಸಂಖ್ಯೆಯನ್ನು ಕಾಪ್ರೇಕರ್ ಸಂಖ್ಯೆ ಅನ್ನುತ್ತಾರೆ.

ಚಾರ್ಟ್ ಮಾಡುವಾಗ ನನ್ನ ಸಲಹೆ, ಗುಣಗಳನ್ನು ಎರಡು ಬಣ್ಣದಲ್ಲಿ ಬರೆಯಿಸಿ. ಬೆಸ, ಸಂಯುಕ್ತ, ಪೂರ್ಣವರ್ಗ, 45 ಭಾಜಕ, ಡೆಫಿಶಿಯೆಂಟ್, ಇವು ಸಂಖ್ಯೆಯ ಗುಣಗಳು. ಯಾವ ಪದ್ಧತಿಯಲ್ಲಿ ಬರೆದರೂ, ಬರೆಯದೇ ಇದ್ದರೂ ಬದಲಾಗಲ್ಲ. ಪ್ಯಾಲಿಂಡ್ರೋಮ್ (ಹಿಂದಿನಿಂದ ಓದಿದರೂ ಅದೇ), ಹರ್ಷದ, ಅನ್‌ಹ್ಯಾಪಿ, ಇವು ಹತ್ತರ ಪದ್ಧತಿಯಲ್ಲಿ ಬರೆದದ್ದರ ಗುಣಗಳು. ಓಡಿಯಸ್ ಎರಡರ ಪದ್ಧತಿಯದು. ಇದೇ ಸಂಖ್ಯೆ ಬೈನರಿಯಲ್ಲಿ 1010 ಅಂತ ಶುರುವಾಗಿ 0001ರಲ್ಲಿ ಮುಗಿಯುತ್ತದೆ, ಅಲ್ಲಿ ಅದು ಪ್ಯಾಲಿಂಡ್ರೋಮ್ ಅಲ್ಲವೇ ಅಲ್ಲ. ವೆಬ್‌ಸೈಟ್‌ಗಳು ಎಲ್ಲವನ್ನೂ ಒಂದೇ ಸಾಲಿನಲ್ಲಿ ಸುರಿಯುತ್ತವೆ, ಮಕ್ಕಳಿಗೆ ಗೊಂದಲ ಆಗುವುದು ಅಲ್ಲೇ.

ಹಾಗಂತ ಆ ಪ್ಯಾಲಿಂಡ್ರೋಮ್ ಬರೀ ಅಲಂಕಾರ ಅಂತ ತಳ್ಳಿಹಾಕಬೇಡಿ. 111111111ನ್ನು ತನ್ನಿಂದಲೇ ಗುಣಿಸುವಾಗ ಒಂದರ ಕೆಳಗೆ ಒಂದು ಬರೆಯುತ್ತ ಹೋದರೆ ಪ್ರತಿ ಕಂಬದಲ್ಲೂ 1ಗಳು ಮಾತ್ರ ಇರುತ್ತವೆ. ಬಲತುದಿಯಲ್ಲಿ ಒಂದು, ಅದರ ಪಕ್ಕ ಎರಡು, ಹೀಗೆ ನಡುವೆ ಒಂಬತ್ತು, ಮತ್ತೆ ಇಳಿಯುತ್ತ ಒಂದು. ನಡುವಿನ ಕಂಬದಲ್ಲಿ ಒಂಬತ್ತೇ ಇರುವುದರಿಂದ ಎಲ್ಲೂ ದಶಕ ಬರುವುದಿಲ್ಲ. ಹತ್ತು 1 ತೆಗೆದುಕೊಂಡರೆ ನಡುವೆ 10 ಬಂತು, ದಶಕ ಎಡಕ್ಕೆ ಹೋಯಿತು, 1234567900987654321 ಆಯಿತು, ಕನ್ನಡಿ ಒಡೆಯಿತು. ಹತ್ತರ ಪದ್ಧತಿಯಲ್ಲಿ ಈ ಸಾಲಿನ ಕೊನೆಯ ಸಂಖ್ಯೆ ನಿಮ್ಮ ಮಗಳದೇ.

ಇನ್ನು ಇದಕ್ಕಿಂತ ದೊಡ್ಡದನ್ನು ನೀವೇ ಪರೀಕ್ಷಿಸುವ ದಾರಿಗಳು. ವೆಬ್‌ಸೈಟ್ ಬಳಸುವುದಾದರೆ ಮೊದಲು ನೀವು ಕೊಟ್ಟ ಸಂಖ್ಯೆಯನ್ನು ಅದು ಹಾಗೇ ತಿರುಗಿ ತೋರಿಸುತ್ತದಾ ನೋಡಿ, ಕೊನೆಯ ಅಂಕಿಯವರೆಗೂ. ಅಷ್ಟೂ ಸಾಲದು, ಕೆಲವು ಕಡೆ ತೋರಿಸುವುದು ಪಠ್ಯ, ಲೆಕ್ಕ ಮಾಡುವುದು ಬೇರೆ. ಅಪವರ್ತನಗಳನ್ನು ಕೊಟ್ಟರೆ ಅವುಗಳನ್ನು ಗುಣಿಸಿ ಮೂಲ ಬರುತ್ತದಾ ಅಂತ ಕನಿಷ್ಠ ಕೊನೆಯ ಅಂಕಿ ಮತ್ತು 9ರ ಶೇಷವನ್ನಾದರೂ ತಾಳೆ ನೋಡಿ. ಸಮ ಸಂಖ್ಯೆ ಅಂತ ಬಂದದ್ದು ನಿಮಗೆ ಅನುಮಾನ ತಂದಿತಲ್ಲ, ಅದೇ ಸರಿಯಾದ ಅಭ್ಯಾಸ.

ನಾನು ಹೆಚ್ಚು ಶಿಫಾರಸು ಮಾಡುವುದು ಪೈಥಾನ್ ಎಂಬ ಪ್ರೋಗ್ರಾಂ ಭಾಷೆ. ಅಲ್ಲಿ ಪೂರ್ಣಾಂಕ ಮೆಮೊರಿ ಇರುವಷ್ಟೂ ಉದ್ದ ಇರಬಹುದು, ಅಂಕಿ ಕಳೆಯಲ್ಲ. ಅಪಾಯ ಇರುವುದು ಎರಡು ಕಡೆ. ಒಂದೇ ಗೆರೆಯ ಭಾಗಾಕಾರ ಚಿಹ್ನೆ / ಹಾಕಿದರೆ ಉತ್ತರ ದಶಮಾಂಶ ಮಾದರಿಗೆ ಹೋಗಿ ಮತ್ತೆ ಅದೇ 53 ಬಿಟ್‌ಗಳ ಗಲಾಟೆ, ಆದ್ದರಿಂದ ಎರಡು ಗೆರೆಯ // ಬಳಸಿ. ವರ್ಗಮೂಲಕ್ಕೂ ಅಷ್ಟೇ, ಮಾಮೂಲಿ ವರ್ಗಮೂಲದ ಬದಲು ಪೂರ್ಣಾಂಕಕ್ಕೇ ಮಾಡಿದ 'ಐಸ್ಕ್ವರ್ಟ್' (isqrt) ಇದೆ. ಜಾವಾಸ್ಕ್ರಿಪ್ಟ್ ಭಾಷೆ ಬಳಸುವವರು ಅದರಲ್ಲಿ ಉದ್ದ ಪೂರ್ಣಾಂಕಗಳಿಗೆಂದೇ ಇರುವ ಬಿಗ್‌ಇಂಟ್ ಬಳಸಲಿ.

ಅವಿಭಾಜ್ಯವೋ ಅಲ್ಲವೋ ನೋಡಲು ಒಂದೊಂದಾಗಿ ಭಾಗಿಸುವುದು ಖಚಿತ, ಆದರೆ ನಿಧಾನ. ನಿಮ್ಮ ಸಂಖ್ಯೆಯಷ್ಟು ದೊಡ್ಡದಕ್ಕೆ 11 ಕೋಟಿಯವರೆಗೆ ಹೋಗಬೇಕು, 10 ಕೋಟಿಯೊಳಗೇ 57,61,455 ಅವಿಭಾಜ್ಯಗಳಿವೆ. ಕಂಪ್ಯೂಟರ್‌ಗೆ ಇದು ದೊಡ್ಡದಲ್ಲ, 30 ಅಂಕಿ ಆದರೆ ಆಗಲ್ಲ. ಒಂದು ಸಂಖ್ಯೆಯನ್ನು ಆಧಾರವಾಗಿ ಹಿಡಿದು, ಮೇಲಿನ ಚಿಕ್ಕ ಪ್ರಮೇಯ ಹೇಳಿದ ಶೇಷ 1 ಬರುತ್ತದಾ ಅಂತ ನೋಡುವ ಫರ್ಮಾ ಪರೀಕ್ಷೆ ಬಹಳ ವೇಗ. ಆದರೆ 341 = 11 × 31 ಎಂಬುದು 2ನ್ನು ಆಧಾರ ಮಾಡಿದ ಪರೀಕ್ಷೆಯಲ್ಲಿ ಪಾಸ್ ಆಗುತ್ತದೆ. 561 = 3 × 11 × 17 ಅಂತೂ ತನ್ನ ಜೊತೆ ಸಾಮಾನ್ಯ ಅಪವರ್ತನ ಇಲ್ಲದ ಎಲ್ಲ ಆಧಾರಕ್ಕೂ ಪಾಸ್! ಕಾರ್ಮೈಕಲ್ ಸಂಖ್ಯೆ ಅಂತ ಕರೆಯುವುದು ಇವನ್ನೇ, 1729 ಕೂಡ ಅದರಲ್ಲಿ ಒಂದು. ಅದನ್ನೇ ಇನ್ನಷ್ಟು ಬಿಗಿ ಮಾಡಿದ ಮಿಲ್ಲರ್-ರೇಬಿನ್ ಪರೀಕ್ಷೆಗೆ ಈ ದೋಷ ಇಲ್ಲ. 2ರ 64ನೇ ಘಾತದೊಳಗಿನ ಯಾವುದೇ ಸಂಖ್ಯೆಗೆ 2ರಿಂದ 37ರವರೆಗಿನ 12 ಅವಿಭಾಜ್ಯಗಳನ್ನು ಆಧಾರವಾಗಿ ಕೊಟ್ಟರೆ ಉತ್ತರ ಖಚಿತ, ಊಹೆ ಅಲ್ಲ. ಅದಕ್ಕಿಂತ ಬಹಳ ದೊಡ್ಡದಾದರೆ ಈ ಪರೀಕ್ಷೆಯಿಂದ 'ಬಹುತೇಕ ಅವಿಭಾಜ್ಯ' ಅನ್ನುವಷ್ಟೇ ಸಿಗುತ್ತದೆ, ಚಾರ್ಟ್‌ನಲ್ಲಿ ಹಾಗೆಯೇ ಬರೆಯಬೇಕು. ಎಷ್ಟು ದೊಡ್ಡದಕ್ಕೂ ಖಚಿತ ಉತ್ತರ ಕೊಡುವ, ಅಂಕಿಗಳು ಹೆಚ್ಚಿದರೂ ಸಮಯ ಮಿತಿಯಲ್ಲೇ ಬೆಳೆಯುವ ವಿಧಾನವನ್ನು 2002ರಲ್ಲಿ ಐಐಟಿ ಕಾನ್ಪುರದ ಮಣೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟರು. ಬಳಕೆಯಲ್ಲಿ ಅದು ನಿಧಾನ, ಸಿದ್ಧಾಂತದಲ್ಲಿ ದೊಡ್ಡ ಗೆಲುವು.

ಒಂದು ವಿಷಯ ಬೇರೆ ಇಟ್ಟುಕೊಳ್ಳಿ. ಸಂಖ್ಯೆ ಸಂಯುಕ್ತ ಅಂತ ಗೊತ್ತಾಗುವುದು ಬೇರೆ, ಅದನ್ನು ಒಡೆಯುವುದು ಬೇರೆ. ಮಿಲ್ಲರ್-ರೇಬಿನ್ 'ಒಡೆಯುತ್ತದೆ' ಅನ್ನುತ್ತದೆ, ಎಲ್ಲಿ ಅಂತ ಹೇಳಲ್ಲ. ಒಡೆಯುವ ಸವಾಲಿಗೆಂದೇ ಪ್ರಕಟಿಸಿದ 250 ಅಂಕಿಯ ಆರ್‌ಎಸ್‌ಎ-250 ಎಂಬ ಸಂಖ್ಯೆ ಸಂಯುಕ್ತ ಅಂತ ಮೊದಲಿಂದಲೂ ಗೊತ್ತಿತ್ತು, ಒಡೆದದ್ದು 2020ರಲ್ಲಿ. ಭಾಜಕ ಎಷ್ಟು, ಡೆಫಿಶಿಯೆಂಟಾ ಅಲ್ವಾ ಅನ್ನುವುದಕ್ಕೆ ಸಾಮಾನ್ಯವಾಗಿ ಅಪವರ್ತನಗಳು ಬೇಕೇ ಬೇಕು. ಆದ್ದರಿಂದ ಮನಸ್ಸಿಗೆ ಬಂದ 60 ಅಂಕಿ ಬರೆದು ಅದರ ಗುಣ ಹುಡುಕಲು ಹೊರಟರೆ ಮಧ್ಯದಲ್ಲೇ ನಿಲ್ಲಬೇಕಾಗಬಹುದು. ರಚನೆ ಇರುವ ಸಂಖ್ಯೆ ಆರಿಸಿದರೆ ನೀವು ಈಗ ಮಾಡಿದ ಹಾಗೆ ಕೈಯಲ್ಲೇ ದಾರಿ ಸಿಗುತ್ತದೆ.

ಬರೀ 1ಗಳಿಂದ ಆದ ಅವಿಭಾಜ್ಯವೇ ಬೇಕು ಅಂತ ಮಗಳಿಗೆ ಆಸೆ ಇದ್ದರೆ ಅದೂ ಇದೆ. ಮೊದಲನೆಯದು 11. ಅದಾದ ಮೇಲೆ 19 ಒಂದುಗಳದ್ದು, 23 ಒಂದುಗಳದ್ದು, ಆಮೇಲೆ ಒಮ್ಮೆಲೇ 317. ಅಂಕಿಗಳ ಎಣಿಕೆ ಅವಿಭಾಜ್ಯ ಆಗಿರಲೇಬೇಕು, ಆದರೆ ಅಷ್ಟೇ ಸಾಲದು: 11111 = 41 × 271, 1111111 = 239 × 4649. 19 ಒಂದುಗಳದ್ದು 2ರ 64ನೇ ಘಾತದೊಳಗೇ ಇದೆ, ಹಾಗಾಗಿ ಆ 12 ಆಧಾರಗಳಿಂದ ಪೈಥಾನ್‌ನಲ್ಲಿ ನೀವೇ ಖಚಿತಪಡಿಸಿಕೊಳ್ಳಬಹುದು. ಸ್ಪ್ರೆಡ್‌ಶೀಟ್‌ಗೆ ಮಾತ್ರ ಹಾಕಬೇಡಿ, ಅಲ್ಲಿ ಕೊನೆಯ ನಾಲ್ಕು 1ಗಳು ಸೊನ್ನೆಯಾಗುತ್ತವೆ.